ಕೇರಾಫ್ ವಿಳಾಸ

ನಾನು ಹುಡುಗನಾಗಿದ್ದಾಗ ನಮ್ಮ ಮನೆಗೆ ಸ್ವಂತ ವಿಳಾಸವೆಂಬುದು ಇರಲಿಲ್ಲ. ಕಳಸದಲ್ಲಿ ಬಸ್ಸಿಳಿದು, ಕಾಫಿ ತೋಟಗಳ ನಡುವಿನ ದಾರಿಯಲ್ಲಿ ಮೂರು ಮೈಲಿ ನಡೆದು, ಹಳ್ಳದ ಮೇಲಿನ ಅಡಿಕೆ ಮರದ ಸಂಕ ದಾಟಿದರೆ ನಮ್ಮ ಮನೆ. ಮಳೆಗಾಲದಲ್ಲಿ ಸಂಕ ತೇಲಿಹೋದರೆ ಅಂಚೆಯವನಿರಲಿ, ನೆಂಟರೂ ಬರುತ್ತಿರಲಿಲ್ಲ. ಆದ್ದರಿಂದ ನಮಗೆ ಬರುವ ಕಾಗದಗಳ ಮೇಲೆ ಅಪ್ಪನ ಹೆಸರಿನ ಕೆಳಗೆ ‘ಕೇರಾಫ್’ ಎಂದು ಬರೆದು, ಬಸ್ ನಿಲ್ದಾಣದ ಬಳಿಯ ದಿನಸಿ ಅಂಗಡಿಯ ಹೆಸರಿರುತ್ತಿತ್ತು. ಅಂಗಡಿಯವರು ಅವನ್ನೆಲ್ಲ ಒಂದು ಕಬ್ಬಿಣದ ಕೊಕ್ಕೆಗೆ ಚುಚ್ಚಿ ಇಡುತ್ತಿದ್ದರು. ಸಂತೆಗೆ ಹೋದವರು ಕೇಳಿ ತರಬೇಕು.

1980ರ ದಶಕದ ಆರಂಭದಲ್ಲಿ ನನ್ನ ಚಿಕ್ಕಪ್ಪನಿಗೆ ಹೀಗೊಂದು ಕಾಗದ ಬಂತು. ಒಂದು ಕೆಲಸದ ಸಂದರ್ಶನಕ್ಕೆ ಕರೆ. ಅದು ಕೊಕ್ಕೆಯಿಂದ ಜಾರಿ ಬೆಲ್ಲದ ಮೂಟೆಯ ಹಿಂದೆ ಬಿದ್ದು, ಮೂಟೆ ಖಾಲಿಯಾದ ದಿನ ಸಿಕ್ಕಿತು. ಅಷ್ಟರಲ್ಲಿ ಸಂದರ್ಶನದ ತಾರೀಖು ಮುಗಿದು ಹನ್ನೆರಡು ದಿನವಾಗಿತ್ತು. ಚಿಕ್ಕಪ್ಪ ಅಂಗಡಿಯವರಿಗೆ ಒಂದು ಮಾತೂ ಅನ್ನಲಿಲ್ಲ. ಪಕ್ಕದ ಎಸ್ಟೇಟಿನಲ್ಲಿ ರೈಟರ್ ಆಗಿ ಸೇರಿ, ಅಲ್ಲಿಯೇ ಕೂದಲು ಬೆಳ್ಳಗೆ ಮಾಡಿಕೊಂಡರು.

ಈ ಹಳೆಯ ಕಥೆ ಕಳೆದ ಮಳೆಗಾಲದಲ್ಲಿ ಮತ್ತೆ ನೆನಪಾಗಲು ಕಾರಣ ನನ್ನ ಮಗಳು.

ಅವಳು ಮೂಡಿಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದಿದಳು. ಮುಂದಿನ ಓದಿಗೆ ಅರ್ಜಿ ಹಾಕುವ ಕಾಲ ಬಂದಾಗ ಗೆಳತಿಯರೊಂದಿಗೆ ಪೇಟೆಯ ಒಂದು ಸೈಬರ್ ಅಂಗಡಿಗೆ ಹೋದಳು. ಅಲ್ಲಿದ್ದ ಹುಡುಗ ಚುರುಕಿನವನು. “ಮೇಲ್ ಐಡಿ ಇದ್ಯಾ?” ಎಂದು ಕೇಳಿದ. ಇಲ್ಲವೆಂದಾಗ ಅವನೇ ಒಂದನ್ನು ಮಾಡಿಕೊಟ್ಟ. ಮೊಬೈಲ್ ನಂಬರ್ ಎಂದಾಗ ಇವಳು ನನ್ನದನ್ನು ಕೊಟ್ಟಳು. ಒಟಿಪಿ ನನ್ನ ಫೋನಿಗೆ ಬರಬೇಕು. ನಾನೋ ಆ ಹೊತ್ತಿಗೆ ತೋಟದಲ್ಲಿ ಕೆಲಸದವರ ಜೊತೆ. ನಮ್ಮ ತೋಟದಲ್ಲಿ ಸಿಗ್ನಲ್ ಎಂಬುದು ಕಾಡುಕೋಣದ ಹಾಗೆ. ಇದೆ ಎಂದು ಎಲ್ಲರೂ ಹೇಳುತ್ತಾರೆ, ಬೇಕೆಂದಾಗ ಕಾಣುವುದಿಲ್ಲ. ಹುಡುಗ ಎರಡು ಸಲ ನೋಡಿ, “ನಿಮ್ಮಪ್ಪನ ಫೋನ್ ನಾಟ್ ರೀಚಬಲ್ ಬರ್ತದೆ. ನನ್ನ ನಂಬರೇ ಹಾಕ್ಬಿಡ್ಲಾ?” ಎಂದನಂತೆ. ಇವಳು ಹೂಂ ಎಂದಳು. ಹಿಂದೆ ಇನ್ನೂ ಹತ್ತು ಜನ ಸಾಲಿನಲ್ಲಿ ನಿಂತಿದ್ದರು.

ಫಲಿತಾಂಶ ಬಂತು, ರ್ಯಾಂಕ್ ಬಂತು, ಮನೆಯಲ್ಲಿ ಪಾಯಸವೂ ಆಯಿತು. ಆಮೇಲೆ ಯಾವ ಕಾಲೇಜು, ಯಾವ ವಿಷಯ ಎಂದು ಜಾಲತಾಣದಲ್ಲಿ ನಮೂದಿಸುವ ಕೊನೆಯ ದಿನ. ಹೊರಗೆ ಆಷಾಢದ ಮಳೆ. ಕರೆಂಟು ಹೋಗಿ ಮೂರನೆಯ ದಿನ. ಕರೆಂಟಿಲ್ಲದಿದ್ದರೆ ಮೊಬೈಲ್ ಟವರ್ ಬ್ಯಾಟರಿಯ ಮೇಲೆ, ಅದೂ ಮುಗಿದರೆ ಡೀಸೆಲ್ ಜನರೇಟರ್ ಮೇಲೆ ನಡೆಯಬೇಕು. ಡೀಸೆಲ್ ಮುಗಿದರೆ ಮರ ಬಿದ್ದ ರಸ್ತೆಯಲ್ಲಿ ಅದನ್ನು ಹೊತ್ತು ತರುವವರು ಯಾರು? ನಮ್ಮ ಹತ್ತಿರದ ಟವರ್ ಮೌನ ವ್ರತ ಹಿಡಿದಿತ್ತು.

ನಮ್ಮ ಕಡೆ ಪ್ರತಿ ಊರಿಗೂ ಒಂದು ಸಿಗ್ನಲ್ ಗುಡ್ಡವಿದೆ. 2020 ಮತ್ತು 2021ರ ಕೊರೊನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಟಾರ್ಪಾಲು ಕಟ್ಟಿಕೊಂಡು ಪಾಠ ಕೇಳಿದ್ದು ಇಂಥ ಗುಡ್ಡಗಳಲ್ಲೇ. ನಾವು ಮೂವರೂ ಕೊಡೆ ಹಿಡಿದು ನಮ್ಮ ಗುಡ್ಡ ಹತ್ತಿದೆವು. ದೂರದ ಬೇರೊಂದು ಟವರಿನ ಒಂದು ಗೆರೆ ಬಂತು. ಮಗಳು ಪಾಸ್‌ವರ್ಡ್ ಹಾಕಿದಳು, ತಪ್ಪು. ಮತ್ತೊಂದು ಹಾಕಿದಳು, ಅದೂ ತಪ್ಪು. ಹೊಸ ಪಾಸ್‌ವರ್ಡ್ ಬೇಕಾದರೆ ಕೊಂಡಿಯನ್ನು ಇ-ಮೇಲಿಗೆ ಕಳಿಸುತ್ತೇವೆ, ಆಯ್ಕೆ ಖಚಿತಪಡಿಸಲು ಒಟಿಪಿಯನ್ನು ಮೊಬೈಲಿಗೆ ಕಳಿಸುತ್ತೇವೆ ಎಂದಿತು ಯಂತ್ರ. ಇ-ಮೇಲಿನ ಪಾಸ್‌ವರ್ಡ್ ಸೈಬರ್ ಹುಡುಗನ ನೋಟ್‌ಪುಸ್ತಕದಲ್ಲಿ. ಮೊಬೈಲ್ ನಂಬರೂ ಅವನದೇ.

ಮೂಡಿಗೆರೆಯಲ್ಲಿದ್ದ ಪರಿಚಯದವರಿಗೆ ಫೋನ್ ಮಾಡಿ ಅಂಗಡಿಗೆ ಓಡಿಸಿದೆವು. ಅಂಗಡಿಗೆ ಬೀಗ. ಹುಡುಗ ಕೆಲಸ ಸಿಕ್ಕಿ ಬೆಂಗಳೂರು ಸೇರಿ ತಿಂಗಳಾಗಿತ್ತು. ಪಕ್ಕದ ದರ್ಜಿಯ ಬಳಿ ಅವನ ಹೊಸ ನಂಬರ್ ಸಿಕ್ಕಿತು. ಪಾಪ, ಒಳ್ಳೆಯ ಹುಡುಗ. ಇ-ಮೇಲಿನ ಪಾಸ್‌ವರ್ಡ್ ಹೇಳಿದ. ಆದರೆ ಹೊಸ ಫೋನಿನಿಂದ ಒಳಗೆ ಹೋಗುತ್ತಿದ್ದೇವೆಂದು ಅದು ಹಳೆಯ ನಂಬರಿಗೆ ಒಂದು ಸಂಕೇತ ಕಳಿಸಿತು. ಆ ನಂಬರ್ ಎಲ್ಲಿ? “ಆ ಸಿಮ್ ಅಮ್ಮನ ಫೋನಲ್ಲಿದೆ ಅಂಕಲ್, ಅಮ್ಮ ಊರಲ್ಲಿದ್ದಾರೆ” ಎಂದ.

ಆ ತಾಯಿಗೆ ಫೋನ್ ಹೋಯಿತು. ನನ್ನ ಹೆಂಡತಿಯೇ ಮಾತನಾಡಿದಳು. “ನಂಗೆ ಇಂಗ್ಲಿಷ್ ಓದಕ್ಕೆ ಬರಲ್ಲ ಕಣಮ್ಮಾ, ಅಂಕಿ ಮಾತ್ರ ಗೊತ್ತಾಗ್ತದೆ” ಎಂದರು ಆಕೆ. “ಅಂಕಿಯೇ ಸಾಕು ಅಕ್ಕಾ” ಎಂದಳು ಇವಳು. ಆಕೆ ಕರೆ ಕತ್ತರಿಸಿ ಸಂದೇಶ ನೋಡಬೇಕು, ಮತ್ತೆ ನಾವು ಕರೆ ಮಾಡಬೇಕು. ಎರಡು ಸಲ ನಮ್ಮ ಗೆರೆಯೇ ಮಾಯವಾಯಿತು. ಮೂರನೆಯ ಸಲ ಆಕೆ ಒಂದೊಂದೇ ಅಂಕಿಯನ್ನು ಬಿಡಿಸಿ ಬಿಡಿಸಿ ಹೇಳಿದರು. ಮುಂದೆ ಒಟಿಪಿಗೂ ಇದೇ ಸಾಹಸ. ಗಡುವು ಮುಗಿಯಲು ಮುಕ್ಕಾಲು ಗಂಟೆ ಇದ್ದಾಗ ಮಗಳ ಆಯ್ಕೆ ದಾಖಲಾಯಿತು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಅವಳು ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತು ಅತ್ತಳು.

ಆ ರಾತ್ರಿ ಚಿಕ್ಕಪ್ಪನ ಬೆಲ್ಲದ ಮೂಟೆ ನೆನಪಾಯಿತು. ನಲವತ್ತು ವರ್ಷಗಳ ಮೇಲೆಯೂ ನಾವು ಕೇರಾಫ್ ವಿಳಾಸದಲ್ಲೇ ಬದುಕಿದ್ದೆವು. ಹುಡುಗನನ್ನು ಬೈದು ಪ್ರಯೋಜನವಿಲ್ಲ, ಅವನು ಉಪಕಾರ ಮಾಡಿದವನು. ಮಗಳ ಹೆಸರಿಗೆ ಬರುವುದನ್ನು ಮಗಳ ಕೈಗೇ ಬರುವಂತೆ ಮಾಡದಿದ್ದುದು ನಮ್ಮ ತಪ್ಪು. ಮೊಬೈಲ್ ನಂಬರ್ ಮತ್ತು ಇ-ಮೇಲ್ ಇವತ್ತಿನ ವಿದ್ಯಾರ್ಥಿಯ ಮನೆಯ ವಿಳಾಸ. ಅವನ್ನು ಆರಿಸುವಾಗ ರೀಚಾರ್ಜಿನ ದರವನ್ನಷ್ಟೇ ನೋಡಿದರೆ ಸಾಲದು. ಮುಂದೆ ನಾವು ಮಾಡಿಕೊಂಡ ಏರ್ಪಾಡನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಂಥ ತಂದೆ ತಾಯಂದಿರಿಗೆ ಉಪಯೋಗವಾದೀತು.

ಮೊದಲು ಯಾವ ಕಂಪನಿಯ ಸಿಮ್ ಎಂಬ ಪ್ರಶ್ನೆ. ನಾನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಒಂದು ವಾರ ಲೆಕ್ಕ ಬರೆದೆ. ಮನೆಯ ಜಗಲಿ, ಒಳಗಿನ ಕೋಣೆ, ಕಾಫಿ ಒಣಗಿಸುವ ಕಣ, ಕೊಟ್ಟಿಗೆ, ಬಸ್ ನಿಲ್ದಾಣ, ಮೂಡಿಗೆರೆಯ ಹಾಸ್ಟೆಲ್. ಮನೆಗೆ ಬಂದ ನೆಂಟರು, ಕೆಲಸದವರು, ಕಾಳುಮೆಣಸು ಕೊಳ್ಳಲು ಬಂದವರು, ಎಲ್ಲರ ಫೋನಿನಲ್ಲೂ ಯಾವ ಕಂಪನಿ, ಎಲ್ಲಿ ಎಷ್ಟು ಗೆರೆ ಎಂದು ನೋಡಿದೆ. ಗೆರೆ ಇದ್ದರೂ ಸಾಲದು. ಒಂದು ಕರೆ ಹೋಗುತ್ತದೆಯೇ, ಒಂದು ಎಸ್ಎಂಎಸ್ ಬರುತ್ತದೆಯೇ ಎಂದೂ ಪರೀಕ್ಷಿಸಿದೆ. ಮಳೆಯ ದಿನ, ಕರೆಂಟು ಹೋದ ದಿನ ಮತ್ತೊಮ್ಮೆ ನೋಡಿದೆ. ನನ್ನ ಮೊದಲಿನ ಕಂಪನಿ ಮೂಡಿಗೆರೆಯಲ್ಲಿ ಚೆನ್ನಾಗಿತ್ತು, ಮನೆಯಲ್ಲಿ ಸೊನ್ನೆ. ಬೇರೊಂದು ಕಂಪನಿ ಜಗಲಿಯ ಬಲಮೂಲೆಯಲ್ಲಿ ಎರಡು ಗೆರೆ ಕೊಡುತ್ತಿತ್ತು, ಕರೆಂಟು ಹೋದಾಗಲೂ ಅರ್ಧ ದಿನ ಉಳಿಯುತ್ತಿತ್ತು. ಯಾವ ಕಂಪನಿ ಎಂದು ಬರೆಯುವುದಿಲ್ಲ. ನಮ್ಮ ಗುಡ್ಡದ ಉತ್ತರ ನಿಮ್ಮ ಗುಡ್ಡಕ್ಕೆ ಒಪ್ಪುವುದಿಲ್ಲ. ಒಂದೇ ತೋಟದ ಎರಡು ಮಗ್ಗುಲಲ್ಲಿ ಬೇರೆ ಬೇರೆ ಕಂಪನಿ ಸಿಗುವುದುಂಟು.

ಇದಕ್ಕೆ ಕಾರಣವಿದೆ. ರೇಡಿಯೊ ಅಲೆಗಳಲ್ಲಿ ಕಡಿಮೆ ಕಂಪನಾಂಕದವು ಹೆಚ್ಚು ದೂರ ಹೋಗುತ್ತವೆ, ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗುತ್ತವೆ, ಗೋಡೆಯನ್ನೂ ದಾಟುತ್ತವೆ. 700, 850, 900 ಮೆಗಾಹರ್ಟ್ಸ್ ಇಂಥವು. 2300 ಮೆಗಾಹರ್ಟ್ಸ್, 5ಜಿಯ 3300 ಮೆಗಾಹರ್ಟ್ಸ್ ಪೇಟೆಯಲ್ಲಿ ವೇಗ ಕೊಡುತ್ತವೆ, ಆದರೆ ಬೇಗ ಸುಸ್ತಾಗುತ್ತವೆ. ಟವರಿಗೂ ಮನೆಗೂ ನಡುವೆ ಒಂದು ಗುಡ್ಡ ಬಂದರೆ ಮುಗಿಯಿತು. ಆದ್ದರಿಂದ ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಚೆನ್ನ ಎಂದು ಕೇಳುವುದರ ಜೊತೆಗೆ, ನಮ್ಮೂರಿನ ಟವರ್ ಬಳಸುವ ಅಲೆಯನ್ನು ಇದು ಹಿಡಿಯುತ್ತದೆಯೇ ಎಂದೂ ಕೇಳಬೇಕು. ಬಿಎಸ್ಎನ್ಎಲ್ ತನ್ನ 4ಜಿಗೆ 700 ಮೆಗಾಹರ್ಟ್ಸ್ ಬಳಸುತ್ತದೆ. ಸ್ವದೇಶಿ ತಂತ್ರಜ್ಞಾನದ ಈ ಜಾಲವನ್ನು ದೇಶಕ್ಕೆ ಅರ್ಪಿಸಿದ್ದು 2025ರ ಸೆಪ್ಟೆಂಬರ್ 27ರಂದು. ಹಳೆಯ ಕೆಲವು ಫೋನುಗಳು ಈ 700ನ್ನು ಹಿಡಿಯುವುದಿಲ್ಲ. ಹಾಗೆಯೇ 2016ರ ಸೆಪ್ಟೆಂಬರಿನಲ್ಲಿ ಆರಂಭವಾದ ಜಿಯೋ ಜಾಲದಲ್ಲಿ 2ಜಿ, 3ಜಿ ಇಲ್ಲ. ಅಲ್ಲಿ ಕರೆಯೂ 4ಜಿಯ ಮೇಲೆಯೇ ಹೋಗಬೇಕಾದ್ದರಿಂದ ಫೋನಿನಲ್ಲಿ ವೋಲ್ಟಿ ಸೌಲಭ್ಯ ಇರಲೇಬೇಕು.

ಎಲ್ಲಿ ಯಾವ ಸೇವೆ ಸಿಗುತ್ತದೆಂಬ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರಲ್ಲಿ ನಿಯಮ ಮಾಡಿತು. ಅದನ್ನು ನೋಡುವುದು ಒಳ್ಳೆಯದು. ಆದರೆ ನಕ್ಷೆ ಮೇಲಿನಿಂದ ಕಾಣುವ ಊರು. ನಾವಿರುವುದು ಹಳ್ಳದ ಬುಡದಲ್ಲಿ. ನೋಟ್‌ಬುಕ್ಕಿನ ಲೆಕ್ಕವೇ ಕೊನೆಯ ಮಾತು.

ಮನೆಗೆ ಫೈಬರ್ ತಂತಿ ಬಂದಿದ್ದರೆ ಇನ್ನೊಂದು ದಾರಿಯಿದೆ. ಟವರ್ ಸಿಗದಿದ್ದರೂ ಮನೆಯ ವೈ-ಫೈ ಮೇಲೆಯೇ ನಿಮ್ಮ ಮೊಬೈಲ್ ನಂಬರಿಗೆ ಕರೆ ಬರುವ ವ್ಯವಸ್ಥೆ ಅದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈ-ಫೈ ಕಾಲಿಂಗ್ ಎಂದಿರುತ್ತದೆ. ಕಂಪನಿಯೂ ಫೋನೂ ಎರಡೂ ಅದಕ್ಕೆ ಒಪ್ಪಬೇಕು. ಎಸ್ಎಂಎಸ್ ಕೂಡ ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಎರಡನೆಯ ಪಾಠ, ಕಂಪನಿ ಬದಲಾಗಲಿ, ನಂಬರ್ ಬದಲಾಗಬಾರದು. ನಮ್ಮ ಹುಡುಗರು ಅಗ್ಗದ ಡೇಟಾ ಎಂದು ಆರು ತಿಂಗಳಿಗೊಂದು ಸಿಮ್ ಬದಲಿಸುತ್ತಾರೆ. ಹಳೆಯ ನಂಬರ್ ಬ್ಯಾಂಕಿನಲ್ಲಿ, ವಿದ್ಯಾರ್ಥಿವೇತನದ ಅರ್ಜಿಯಲ್ಲಿ, ಕಾಲೇಜಿನಲ್ಲಿ ಹಾಗೆಯೇ ಉಳಿದಿರುತ್ತದೆ. ಬಳಕೆಯಿಲ್ಲದೆ ಕಡಿತವಾದ ನಂಬರನ್ನು 90 ದಿನಗಳ ಮೇಲೆ ಕಂಪನಿ ಬೇರೆಯವರಿಗೆ ಕೊಡಬಹುದು. ಆಮೇಲೆ ನಿಮ್ಮ ಮಗನ ಒಟಿಪಿ ಯಾರದೋ ಮನೆಯಲ್ಲಿ ಗುಂಯ್‌ಗುಡುತ್ತದೆ.

ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಅವಕಾಶ 2011ರ ಜನವರಿ 20ರಿಂದ ದೇಶದೆಲ್ಲೆಡೆ ಇದೆ. ಇಂಗ್ಲಿಷಿನಲ್ಲಿ ‘ಪೋರ್ಟ್’ ಎಂದು ಬರೆದು, ಸ್ವಲ್ಪ ಜಾಗ ಬಿಟ್ಟು, ಹತ್ತು ಅಂಕಿಯ ನಂಬರ್ ಬರೆದು 1900ಕ್ಕೆ ಎಸ್ಎಂಎಸ್ ಮಾಡಿದರೆ ಎಂಟು ಅಕ್ಷರಾಂಕಿಗಳ ಒಂದು ಸಂಕೇತ ಬರುತ್ತದೆ. ಕರ್ನಾಟಕದಲ್ಲಿ ಅದಕ್ಕೆ ನಾಲ್ಕು ದಿನದ ಆಯುಷ್ಯ. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ಹಳೆಯ ಕಂಪನಿಯಲ್ಲಿ 90 ದಿನ ಆಗಿರಬೇಕು, ಬಿಲ್ಲಿನ ಬಾಕಿ ಇರಬಾರದು. ಒಂದೇ ವಲಯದೊಳಗಾದರೆ ಮೂರು ಕೆಲಸದ ದಿನಗಳಲ್ಲಿ ಬದಲಾವಣೆ ಆಗಬೇಕೆಂಬುದು ನಿಯಮ. ಕರ್ನಾಟಕ ಇಡೀ ಒಂದೇ ವಲಯ. ನಾನು ಮಾಡಿದ್ದೂ ಇದನ್ನೇ. ಒಂದು ಎಚ್ಚರಿಕೆ: ಅರ್ಜಿ, ಕೌನ್ಸೆಲಿಂಗ್ ನಡೆಯುವ ವಾರದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಸಿಮ್ ಕಳೆದು ಹೊಸ ಕಾರ್ಡ್ ತೆಗೆದುಕೊಂಡರೂ ಮೊದಲ 24 ಗಂಟೆ ಎಸ್ಎಂಎಸ್ ತಡೆಹಿಡಿಯುವ ನಿಯಮವಿದೆ. ಮೋಸಗಾರರು ನಿಮ್ಮ ನಂಬರಿಗೆ ನಕಲಿ ಸಿಮ್ ತೆಗೆದು ಒಟಿಪಿ ಕದಿಯದಿರಲಿ ಎಂದು ಮಾಡಿದ ಏರ್ಪಾಡು ಅದು. ಆದರೆ ಕೊನೆಯ ದಿನದವನಿಗೆ ಆ 24 ಗಂಟೆ ಒಂದು ಯುಗ.

ಫೋನಿನಲ್ಲಿ ಎರಡು ಸಿಮ್ ಹಾಕುವ ಸೌಲಭ್ಯವಿದ್ದರೆ, ಮನೆಯಲ್ಲಿ ಸಿಗುವ ಕಂಪನಿಯದು ಕಾಯಂ ನಂಬರಾಗಲಿ, ಓದುವ ಊರಲ್ಲಿ ವೇಗವಾಗಿರುವ ಕಂಪನಿಯದು ಡೇಟಾಕ್ಕಿರಲಿ. ಎರಡನೆಯದನ್ನು ಬೇಕಾದಷ್ಟು ಸಲ ಬದಲಿಸಿ. 18 ತುಂಬದವರ ಹೆಸರಿಗೆ ಸಿಮ್ ಕೊಡುವಂತಿಲ್ಲ. ಆದ್ದರಿಂದ ಮಕ್ಕಳ ನಂಬರ್ ತಂದೆ ಅಥವಾ ತಾಯಿಯ ಹೆಸರಿನಲ್ಲಿ ಇರಲಿ. ಅಂಗಡಿಯವನ, ಗೆಳೆಯನ ಅಣ್ಣನ ಹೆಸರಿನಲ್ಲಿ ಬೇಡ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಸರ್ಕಾರದ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ನೋಡಬಹುದು.

ಇನ್ನು ಇ-ಮೇಲ್. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ತಮ್ಮ ಗೆಳೆಯ ಜ್ಯಾಕ್ ಸ್ಮಿತ್ ಜೊತೆ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದಾಗ, ಯಾವ ಊರಿನ ಯಾವ ಕಂಪ್ಯೂಟರಿನ ಮುಂದೆ ಕೂತರೂ ನಮ್ಮ ಪತ್ರ ನಮಗೆ ಸಿಗುತ್ತದೆಂಬುದೇ ದೊಡ್ಡ ಸುದ್ದಿಯಾಗಿತ್ತು. ಅದರ ಗುಟ್ಟು ಇಷ್ಟೇ: ಪೆಟ್ಟಿಗೆ ಎಲ್ಲಿದ್ದರೂ ಬೀಗದ ಕೈ ನಮ್ಮದು. ಬೀಗದ ಕೈಯನ್ನೇ ಸೈಬರ್ ಅಂಗಡಿಯಲ್ಲಿ ಬಿಟ್ಟು ಬಂದರೆ ಪೆಟ್ಟಿಗೆ ಇದ್ದೂ ಇಲ್ಲದಂತೆ.

ಮಗಳು ಹಳೆಯದನ್ನು ಬಿಟ್ಟು ತನ್ನ ಕೈಯಿಂದಲೇ ಹೊಸ ಖಾತೆ ತೆರೆದಳು. ಹೆಸರು ಸರಳವಾಗಿರಲಿ ಎಂದೆ. ನಾಳೆ ಕೆಲಸದ ಅರ್ಜಿಯಲ್ಲಿ ಬರೆಯಬೇಕಾದ ಹೆಸರು. ‘ಮುದ್ದು ಚಿಟ್ಟೆ’ ಎಂದಿದ್ದರೆ ನಾಚಿಕೆ. ಮರೆತಾಗ ನೆರವಿಗೆ ಬರುವ ನಂಬರಾಗಿ ಅವಳ ತಾಯಿಯದು, ನೆರವಿನ ಇ-ಮೇಲಾಗಿ ನನ್ನದು ಕೊಟ್ಟೆವು. ಅರ್ಜಿಯಲ್ಲಿ ದಾಖಲಾದ ನಂಬರ್ ಮತ್ತು ಇ-ಮೇಲನ್ನೂ ಕಾಲೇಜಿಗೆ ಬರೆದುಕೊಟ್ಟು ತಿದ್ದಿಸಿದೆವು. ಕಾಲೇಜು ಒಂದು ಇ-ಮೇಲ್ ಕೊಟ್ಟಿದೆ. ಅದನ್ನೂ ಫೋನಿನಲ್ಲಿ ಸೇರಿಸಿಕೊಂಡಿದ್ದಾಳೆ. ಆದರೆ ಬ್ಯಾಂಕಿಗೆ, ವಿದ್ಯಾರ್ಥಿವೇತನಕ್ಕೆ ಕೊಡುವುದು ಸ್ವಂತದ್ದನ್ನೇ, ಏಕೆಂದರೆ ಓದು ಮುಗಿದ ಮೇಲೆ ಕಾಲೇಜಿನದು ನಿಂತುಹೋಗಬಹುದು.

ಬೇರೆ ಸಂಸ್ಥೆಯ ಇ-ಮೇಲನ್ನು ಫೋನಿಗೆ ಜೋಡಿಸುವಾಗ ‘ಐಮ್ಯಾಪ್’ ಬೇಕೋ ‘ಪಾಪ್’ ಬೇಕೋ ಎಂದು ಕೇಳುವುದುಂಟು. ಪಾಪ್ ಎಂದರೆ ಅಂಚೆ ಕಚೇರಿಯಿಂದ ಕಾಗದವನ್ನು ಮನೆಗೆ ತಂದಂತೆ. ಸೆಟ್ಟಿಂಗ್ ನೋಡಿಕೊಳ್ಳದಿದ್ದರೆ ಅಲ್ಲಿ ಪ್ರತಿ ಉಳಿಯುವುದಿಲ್ಲ. ಫೋನ್ ಹಳ್ಳಕ್ಕೆ ಬಿದ್ದರೆ ಕಾಗದವೂ ಹೋಯಿತು. ಐಮ್ಯಾಪ್‌ನಲ್ಲಿ ಪತ್ರ ಅಲ್ಲಿಯೇ ಇರುತ್ತದೆ, ಎಷ್ಟು ಫೋನಿನಲ್ಲಾದರೂ ನೋಡಬಹುದು. ವಿದ್ಯಾರ್ಥಿಗಳಿಗೆ ಐಮ್ಯಾಪ್ ಸರಿ. ಜಿಮೇಲಿನ ಸ್ವಂತ ಆ್ಯಪ್‌ನಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ. ಅದರಲ್ಲಿ ಎಷ್ಟು ದಿನಗಳ ಪತ್ರಗಳನ್ನು ಫೋನಿನಲ್ಲಿ ಇಟ್ಟುಕೊಳ್ಳಬೇಕೆಂದು ನಾವೇ ನಿಗದಿಪಡಿಸಬಹುದು. ಸಿಗ್ನಲ್ ಇಲ್ಲದ ಮನೆಯಲ್ಲೂ ಅವನ್ನು ಓದಬಹುದು, ಉತ್ತರವನ್ನೂ ಬರೆಯಬಹುದು. ಉತ್ತರ ಔಟ್‌ಬಾಕ್ಸ್‌ನಲ್ಲಿ ಕಾದಿದ್ದು, ಬಸ್ಸು ಗುಡ್ಡದ ತಿರುವಿಗೆ ಬಂದಾಗ ತಾನೇ ಹೊರಡುತ್ತದೆ. ಆದರೆ ಜೊತೆಗೆ ಬಂದ ಪ್ರವೇಶ ಪತ್ರದಂಥ ಕಡತಗಳನ್ನು ಸಿಗ್ನಲ್ ಇರುವಾಗಲೇ ಇಳಿಸಿಕೊಳ್ಳಬೇಕು.

ಗುಡ್ಡದ ಮನೆಗಳಿಗೆ ತುಂಬ ಉಪಕಾರಿಯಾದ ಸಂಗತಿ ಇನ್ನೊಂದಿದೆ. ಗೂಗಲ್ ಖಾತೆಗೆ ಎರಡು ಹಂತದ ಬೀಗ ಹಾಕಿಕೊಂಡರೆ ಹತ್ತು ‘ಬ್ಯಾಕಪ್’ ಸಂಕೇತಗಳನ್ನು ಕೊಡುತ್ತದೆ. ಒಂದೊಂದೂ ಒಮ್ಮೆ ಮಾತ್ರ ನಡೆಯುತ್ತದೆ. ಎಸ್ಎಂಎಸ್ ಬಾರದಿದ್ದಾಗ ಇವುಗಳಿಂದ ಒಳಗೆ ಹೋಗಬಹುದು. ಆಥೆಂಟಿಕೇಟರ್ ಎಂಬ ಆ್ಯಪ್ ಕೂಡ ಇದೆ. ಅದು ಫೋನಿನ ಗಡಿಯಾರ ನೋಡಿಕೊಂಡು 30 ಸೆಕೆಂಡಿಗೊಂದು ಆರಂಕಿಯ ಸಂಕೇತ ತಾನೇ ಕಟ್ಟುತ್ತದೆ, ಸಿಗ್ನಲಿನ ಹಂಗಿಲ್ಲ. ಎಲ್ಲ ಜಾಲತಾಣಗಳೂ ಇದನ್ನು ಒಪ್ಪುವುದಿಲ್ಲ, ಆದರೆ ಇ-ಮೇಲಿಗಂತೂ ಸಾಕು. ಎರಡು ವರ್ಷ ತೆರೆಯದ ಗೂಗಲ್ ಖಾತೆ ಅಳಿಸಿಹೋಗಬಹುದು ಎಂಬುದೂ ನೆನಪಿರಲಿ.

ಮಗಳು ಆ ಹತ್ತು ಸಂಕೇತಗಳನ್ನು ಒಂದು ಕಾಗದದಲ್ಲಿ ಬರೆದಳು. ಅವಳ ತಾಯಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಪೆಟ್ಟಿಗೆಯಲ್ಲಿ ರೇಷನ್ ಕಾರ್ಡಿನ ಜೊತೆ ಇಟ್ಟಳು. “ಇದನ್ನ ಫೋಟೊ ತೆಗೆದು ಯಾರಿಗೂ ಕಳಿಸ್ಬೇಡಿ ಅಪ್ಪಾ” ಎಂದು ಮಗಳು ನನಗೇ ಬುದ್ಧಿ ಹೇಳಿದಳು. ಒಟಿಪಿಯನ್ನು ಯಾರಿಗೂ ಹೇಳಬಾರದೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಅಂದು ನಾವೇ ಇನ್ನೊಂದು ಮನೆಯ ತಾಯಿಯಿಂದ ಅಂಕಿ ಹೇಳಿಸಿಕೊಂಡೆವು. ನಮ್ಮ ಜಾಗದಲ್ಲಿ ಮೋಸಗಾರನಿದ್ದರೂ ಆಕೆ ಅಷ್ಟೇ ನಂಬಿಕೆಯಿಂದ ಹೇಳಿಬಿಡುತ್ತಿದ್ದರೋ ಏನೋ ಎಂದು ಯೋಚಿಸಿದರೆ ಈಗಲೂ ಕಸಿವಿಸಿಯಾಗುತ್ತದೆ. ಮಳೆ ಕಡಿಮೆಯಾದ ಮೇಲೆ ಆಕೆಯ ಮನೆಗೆ ಹೋಗಿ, ಒಂದು ಚೀಲ ಕಾಫಿ ಪುಡಿ, ಏಲಕ್ಕಿ ಕೊಟ್ಟು ಬಂದೆವು. ಮುಂದೆ ನಮ್ಮ ಹೆಸರು ಹೇಳಿಕೊಂಡು ಯಾರು ಕೇಳಿದರೂ ಅಂಕಿ ಹೇಳಬೇಡಿ ಎಂದೂ ಹೇಳಿ ಬಂದೆವು.

ಮಗಳು ಈಗ ಬೇರೆ ಊರಿನಲ್ಲಿ ಓದುತ್ತಿದ್ದಾಳೆ. ದಸರಾ ರಜೆಗೆ ಬಂದಾಗ ಚಿಕ್ಕಪ್ಪನೂ ಮನೆಗೆ ಬಂದಿದ್ದರು. ಅವರಿಗೂ ಒಂದು ಇ-ಮೇಲ್ ಮಾಡಿಕೊಡುತ್ತೇನೆಂದು ಹಟ ಹಿಡಿದು ಕೂರಿಸಿಕೊಂಡಳು. ಹೆಸರು ಹಾಕಿ, ಹುಟ್ಟಿದ ತಾರೀಖು ಹಾಕಿ, ಅವರ ಸ್ವಂತ ನಂಬರ್ ಹಾಕಿದಳು. ಚಿಕ್ಕಪ್ಪ ಕನ್ನಡಕ ಸರಿಪಡಿಸಿಕೊಂಡು ಪರದೆಯನ್ನು ಬಹಳ ಹೊತ್ತು ನೋಡಿದರು.

“ಕೇರಾಫ್ ಅಂತ ಏನೂ ಬರೆಯೋದು ಬೇಡ್ವಾ ಮಗಾ?” ಎಂದು ಕೇಳಿದರು.

“ಬೇಡ ಚಿಕ್ಕಜ್ಜ. ಇದು ನಿಮ್ದೇ” ಎಂದಳು ಅವಳು.